ಮುಂದಿನ ಗಾಲಿಯೋ, ಹಿಂದಿನ ಗಾಲಿಯೋ?

ಎತ್ತಿನ ಗಾಡಿ, ಜಟಕಾ, ಸಾರೋಟು ಮುಂತಾಗಿ ಪ್ರಾಣಿಗಳ ಬಲದಿಂದ ಸಾಗುವ ವಾಹನಗಳಲ್ಲೆಲ್ಲ ಒಂದು ಸಾಮಾನ್ಯ ಲಕ್ಷಣವುಂಟು. ಎಳೆಯತಕ್ಕ ಶಕ್ತಿ ಯಾವಾಗಲೂ ಮುಂದೆ. ಗಾಲಿಗಳು ಸುಮ್ಮನೆ ಉರುಳಿಕೊಂಡು ಹಿಂಬಾಲಿಸುತ್ತವೆ. ಅವುಗಳಿಗೆ ಭಾರವನ್ನು ಹೊರುವ ಕೆಲಸವೇ ಹೊರತು ಗಾಡಿಯನ್ನು ನಡೆಸುವ ಕೆಲಸವಿಲ್ಲ. ಮೋಟಾರು ಕಾರಿನಲ್ಲಿ ಈ ಏರ್ಪಾಡು ಬದಲಾಯಿತು. ಅಲ್ಲಿ ಎಂಜಿನು ಗಾಡಿಯನ್ನು ನೇರವಾಗಿ ಎಳೆಯುವುದಿಲ್ಲ. ಎಂಜಿನು ಗಾಲಿಯನ್ನು ತಿರುಗಿಸುತ್ತದೆ. ಗಾಲಿ ನೆಲವನ್ನು ಹಿಂದಕ್ಕೆ ಒತ್ತುತ್ತದೆ. ನೆಲ ಗಾಡಿಯನ್ನು ಮುಂದಕ್ಕೆ ನೂಕುತ್ತದೆ. ಹಾಗಾದರೆ ನಾಲ್ಕು ಗಾಲಿಗಳಲ್ಲಿ ಯಾವ ಎರಡಕ್ಕೆ ಈ ಕೆಲಸವನ್ನು ವಹಿಸಬೇಕು? ಮುಂದಿನವಕ್ಕೋ, ಹಿಂದಿನವಕ್ಕೋ? ಈ ಸರಳವಾದ ಪ್ರಶ್ನೆಯ ಮೇಲೆ ಕಾರುಗಳ ನಿರ್ಮಾಪಕರು ನೂರು ವರ್ಷಗಳಿಗೂ ಹೆಚ್ಚು ಕಾಲ ವಾದಮಾಡಿದ್ದಾರೆ.

ಇದು ಯಂತ್ರಶಿಲ್ಪಿಗಳಿಗೆ ಮಾತ್ರ ಸಂಬಂಧಪಟ್ಟ ವಿಷಯವೆಂದು ತೋರಬಹುದು. ಕಾರನ್ನು ಕೊಳ್ಳಹೊರಟವರು ಬಣ್ಣವನ್ನು ನೋಡುತ್ತಾರೆ, ಬೆಲೆಯನ್ನು ವಿಚಾರಿಸುತ್ತಾರೆ, ಲೀಟರು ಪೆಟ್ರೋಲಿಗೆ ಎಷ್ಟು ದೂರ ಓಡುತ್ತದೆಂದು ಕೇಳುತ್ತಾರೆ. ಎಂಜಿನಿನ ಬಲ ಯಾವ ಗಾಲಿಗೆ ಹೋಗುತ್ತದೆಂದು ಕೇಳತಕ್ಕವರು ವಿರಳ. ಆದರೆ ಮಳೆಗಾಲದ ಒಂದು ಸಂಜೆ, ಮನೆಮಂದಿಯನ್ನೆಲ್ಲ ಕೂರಿಸಿಕೊಂಡು, ಆಗುಂಬೆಯ ಘಾಟಿಯನ್ನು ಏರುತ್ತಿರುವಾಗ ಗಾಲಿಯೊಂದು ನೆಲದ ಹಿಡಿತವನ್ನು ಕಳೆದುಕೊಂಡಿತೆನ್ನಿ. ಆಗ ಕಾರಿನ ಮೂತಿ ಜಾರುತ್ತದೆಯೋ ಬಾಲ ಜಾರುತ್ತದೆಯೋ, ಅದನ್ನು ಸರಿಪಡಿಸಲು ಚಾಲಕನ ಕೈಕಾಲುಗಳು ಏನು ಮಾಡಬೇಕು ಎಂಬುದು ಬಹುಮಟ್ಟಿಗೆ ಈ ಪ್ರಶ್ನೆಯ ಉತ್ತರವನ್ನೇ ಅವಲಂಬಿಸಿದೆ. ಆ ಕ್ಷಣದಲ್ಲಿ ಯೋಚಿಸಲು ಅವಕಾಶವಿರುವುದಿಲ್ಲ. ಮುಂಚಿತವಾಗಿ ತಿಳಿದಿರುವುದೇ ಕ್ಷೇಮ.

ಗ್ಯಾರೇಜಿನವರು ಇವೆರಡನ್ನು ಫ್ರಂಟ್ ವ್ಹೀಲ್ ಡ್ರೈವ್, ರಿಯರ್ ವ್ಹೀಲ್ ಡ್ರೈವ್ ಎಂದು ಕರೆಯುತ್ತಾರೆ. ಮಾತಿನ ಸೌಕರ್ಯಕ್ಕಾಗಿ ನಾವು ಮುಂಚಾಲನೆ, ಹಿಂಚಾಲನೆ ಎಂದು ಕರೆಯೋಣ.

ಚರಿತ್ರೆಯಲ್ಲಿ ಮೊದಲು ಬಂದುದು ಮುಂಚಾಲನೆಯೇ ಎಂಬುದು ವಿನೋದವಾದ ಸಂಗತಿ. ಫ್ರಾನ್ಸಿನ ಸೈನ್ಯದ ಎಂಜಿನಿಯರನಾದ ಕ್ಯೂನ್ಯೋ ಎಂಬಾತನು ೧೭೭೦ರ ಸುಮಾರಿನಲ್ಲಿ ಫಿರಂಗಿಗಳನ್ನು ಸಾಗಿಸುವುದಕ್ಕಾಗಿ ಮೂರು ಗಾಲಿಗಳ ಉಗಿಬಂಡಿಯೊಂದನ್ನು ಕಟ್ಟಿದನು. ಉಗಿಯ ಬಲ ಮುಂದಿನ ಒಂಟಿ ಗಾಲಿಗೇ ಹೋಗುತ್ತಿತ್ತು. ಆ ಬಂಡಿಯನ್ನು ಪ್ಯಾರಿಸಿನ ವಸ್ತುಸಂಗ್ರಹಾಲಯವೊಂದರಲ್ಲಿ ಕಾಪಾಡಿಟ್ಟಿದ್ದಾರೆ. ಆದರೆ ಪೆಟ್ರೋಲಿನ ಕಾಲ ಬಂದಾಗ ನಿರ್ಮಾಪಕರು ಹಿಂದಿನ ಗಾಲಿಗಳ ಕಡೆಗೆ ತಿರುಗಿದರು. ೧೮೮೬ರಲ್ಲಿ ಜರ್ಮನಿಯ ಕಾರ್ಲ್ ಬೆಂಜನು ಹಕ್ಕುಪತ್ರ ಪಡೆದ ಬಂಡಿಯಲ್ಲಿ ಎಂಜಿನೂ ಹಿಂದೆ, ಚಾಲನೆಯೂ ಹಿಂದೆ. ೧೮೯೧ರಲ್ಲಿ ಫ್ರಾನ್ಸಿನ ಪನಾರ್ ಮತ್ತು ಲೆವಾಸೋರ್ ಸಂಸ್ಥೆಯವರು ಎಂಜಿನನ್ನು ಮುಂದಿಟ್ಟು, ಅದರ ಹಿಂದೆ ಗೇರುಗಳನ್ನಿಟ್ಟು, ಬಲವನ್ನು ಹಿಂದಿನ ಗಾಲಿಗಳಿಗೆ ಸಾಗಿಸಿದರು. ಈ ವಿನ್ಯಾಸವೇ ಮುಂದೆ ಅರ್ಧ ಶತಮಾನಕ್ಕೂ ಮಿಗಿಲಾಗಿ ಪ್ರಪಂಚದ ಬಹುಪಾಲು ಕಾರುಗಳಿಗೆ ಮಾದರಿಯಾಯಿತು.

ಎಂಜಿನು ಮುಂದಿರುವಾಗ ಬಲವನ್ನು ಅಷ್ಟು ದೂರ ಹಿಂದಕ್ಕೆ ಕಳುಹಿಸುವುದೇತಕ್ಕೆ? ಪಕ್ಕದಲ್ಲಿಯೇ ಇರುವ ಮುಂದಿನ ಗಾಲಿಗಳಿಗೆ ಕೊಟ್ಟರಾಗದೆ? ಇಲ್ಲಿಯೇ ತೊಡಕಿರುವುದು. ಮುಂದಿನ ಗಾಲಿಗಳು ಉರುಳುವುದು ಮಾತ್ರವಲ್ಲ, ಎಡಕ್ಕೂ ಬಲಕ್ಕೂ ಹೊರಳಬೇಕು. ಹೀಗೆ ಹೊರಳುತ್ತಿರುವ ಗಾಲಿಗೆ ಬಲವನ್ನು ತಲುಪಿಸಬೇಕಾದರೆ ದಂಡದ ನಡುವೆ ಮಣಿಯುವ ಕೀಲೊಂದು ಬೇಕು. ಹದಿನೇಳನೆಯ ಶತಮಾನದಿಂದಲೂ ತಿಳಿದಿದ್ದ ಹುಕನ ಕೀಲಿನಲ್ಲಿ ಒಂದು ದೋಷವುಂಟು. ದಂಡಗಳು ಒಂದೇ ಸಾಲಿನಲ್ಲಿರುವಾಗ ಅದು ಸರಿಯಾಗಿಯೇ ಕೆಲಸಮಾಡುತ್ತದೆ. ಕೋನ ಹೆಚ್ಚಿದಂತೆಲ್ಲ, ಮೊದಲ ದಂಡ ಒಂದೇ ವೇಗದಲ್ಲಿ ತಿರುಗುತ್ತಿದ್ದರೂ, ಎರಡನೆಯದು ಒಂದೊಂದು ಸುತ್ತಿನಲ್ಲಿ ಎರಡೆರಡು ಸಲ ಮುಗ್ಗರಿಸಿ ಓಡುತ್ತದೆ. ೩೦ ಅಂಶಗಳ ಕೋನದಲ್ಲಿ ಅದರ ವೇಗ ಒಮ್ಮೆ ನೂರಕ್ಕೆ ೧೩ರಷ್ಟು ಕುಗ್ಗಿ, ಮತ್ತೊಮ್ಮೆ ನೂರಕ್ಕೆ ೧೫ರಷ್ಟು ಹೆಚ್ಚುತ್ತದೆ. ತಿರುವಿನಲ್ಲಿ ಸ್ಟೀರಿಂಗು ಚಾಲಕನ ಕೈಯಲ್ಲಿ ಅದುರುವುದಕ್ಕೂ, ಕೀಲು ಬೇಗನೆ ಸವೆಯುವುದಕ್ಕೂ ಇದೇ ಕಾರಣ.

ಈ ತೊಡಕು ಬಿಡಿಸಿಹೋದುದು ೧೯೨೦ರ ದಶಕದಲ್ಲಿ. ಫ್ರಾನ್ಸಿನಲ್ಲಿ ಫೆನಾಯ್ ಮತ್ತು ಗ್ರೆಗ್ವಾರ್ ಎಂಬ ಇಬ್ಬರು ೧೯೨೬ರಲ್ಲಿ ಟ್ರಾಕ್ಟಾ ಎಂಬ ಸಮವೇಗದ ಕೀಲನ್ನು ರೂಪಿಸಿದರು. ಅದೇ ದಶಕದಲ್ಲಿ ಅಮೆರಿಕದ ಆಲ್ಫ್ರೆಡ್ ಜೆಪ್ಪಾ ಎಂಬಾತನು ಉಕ್ಕಿನ ಗುಂಡುಗಳನ್ನು ಬಾಗಿದ ಕಾಲುವೆಗಳಲ್ಲಿ ಕೂರಿಸಿ ಮತ್ತೊಂದು ಬಗೆಯ ಕೀಲನ್ನು ಕಲ್ಪಿಸಿದನು. ಗುಂಡುಗಳೆಲ್ಲ ಸದಾ ಎರಡು ದಂಡಗಳ ನಡುವಣ ಕೋನವನ್ನು ಸಮಭಾಗ ಮಾಡುವ ಸಮತಲದಲ್ಲಿಯೇ ಇರುತ್ತವೆ. ಆದ್ದರಿಂದ ಎರಡು ದಂಡಗಳ ವೇಗವೂ ಒಂದೇ ಆಗಿರುತ್ತದೆ. ಇಂದಿನ ಮುಂಚಾಲನೆಯ ಕಾರುಗಳ ಗಾಲಿಯ ಬಳಿ ಇರುವುದು ಬಹುಮಟ್ಟಿಗೆ ಈ ಕೀಲಿನ ಸಂತತಿಯೇ. ಕೀಲು ದೊರೆತ ಮೇಲೆ ಕಾರುಗಳೂ ಬಂದವು: ೧೯೨೯ರಲ್ಲಿ ಅಮೆರಿಕದ ಕಾರ್ಡ್, ೧೯೩೧ರಲ್ಲಿ ಜರ್ಮನಿಯ ಡಿ.ಕೆ.ಡಬ್ಲ್ಯು.

ಆದರೆ ಮುಂಚಾಲನೆಗಾಗಿ ತನ್ನ ಸರ್ವಸ್ವವನ್ನೂ ಪಣವಾಗಿಟ್ಟವನು ಫ್ರಾನ್ಸಿನ ಆಂದ್ರೆ ಸಿಟ್ರೊಯೆನ್. ೧೯೩೪ರಲ್ಲಿ ಅವನು ಹೊರತಂದ ಕಾರಿಗೆ ಮುಂದೆ ಎಂಜಿನು, ಮುಂದೆಯೇ ಚಾಲನೆ. ಕೆಳಗೆ ಪ್ರತ್ಯೇಕವಾದ ಚೌಕಟ್ಟಿಲ್ಲದೆ ಒಡಲೇ ಚೌಕಟ್ಟಾಗಿದ್ದ ತಗ್ಗಾದ ಮೈಕಟ್ಟು. ಹಿಂದಕ್ಕೆ ಹೋಗುವ ದಂಡವಿಲ್ಲದ್ದರಿಂದ ನೆಲಗಟ್ಟನ್ನು ಅಷ್ಟು ಕೆಳಗಿಳಿಸುವುದು ಸಾಧ್ಯವಾಯಿತು. ಈ ಕಾರನ್ನು ಸಿದ್ಧಪಡಿಸಲು ಆದ ವೆಚ್ಚವನ್ನು ಸಂಸ್ಥೆ ತಾಳಲಾರದೆ ಹೋಯಿತು. ಅದೇ ವರ್ಷದ ಕೊನೆಗೆ ಅದು ದಿವಾಳಿಯೆದ್ದು, ದೊಡ್ಡ ಸಾಲಗಾರರಾಗಿದ್ದ ಮಿಷಲಿನ್ ಟೈರು ಸಂಸ್ಥೆಯವರ ವಶವಾಯಿತು. ೧೯೩೫ರ ಜುಲೈ ತಿಂಗಳಿನಲ್ಲಿ ಸಿಟ್ರೊಯೆನನು ತೀರಿಕೊಂಡನು. ಅವನನ್ನು ಮುಳುಗಿಸಿದ ಆ ಕಾರು ಮಾತ್ರ ೧೯೫೭ರ ವರೆಗೆ ತಯಾರಾಗಿ, ೭ ಲಕ್ಷ ೫೦ ಸಾವಿರಕ್ಕೂ ಮೇಲ್ಪಟ್ಟು ಮಾರಾಟವಾಯಿತು. ಹೊಸ ಮಾರ್ಗವನ್ನು ಕಡಿದವನೊಬ್ಬ, ಅದರಲ್ಲಿ ಸುಖವಾಗಿ ನಡೆದವರು ಬೇರೊಬ್ಬರು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಮುಂಚಾಲನೆಯನ್ನು ಸಾಮಾನ್ಯ ಜನರ ಕಾರಿಗೆ ಹೊಂದಿಸಿದ ಕೀರ್ತಿಯಲ್ಲಿ ದೊಡ್ಡ ಪಾಲು ಇಂಗ್ಲೆಂಡಿನ ಅಲೆಕ್ ಇಸಿಗೋನಿಸನದು. ೧೯೫೬ರಲ್ಲಿ ಸೂಯೆಜ್ ಕಾಲುವೆಯ ಬಿಕ್ಕಟ್ಟಿನಿಂದ ಪೆಟ್ರೋಲಿಗೆ ಬರ ಬಂದಾಗ ಅತ್ಯಂತ ಚಿಕ್ಕದಾದರೂ ನಾಲ್ವರು ಕೂರಬಹುದಾದ ಕಾರೊಂದು ಬೇಕೆನಿಸಿತು. ಎಂಜಿನನ್ನು ಉದ್ದುದ್ದಕ್ಕೆ ಇಡುವುದಕ್ಕೆ ಬದಲು ಅವನು ಅಡ್ಡಲಾಗಿಟ್ಟನು. ಗೇರುಪೆಟ್ಟಿಗೆಯನ್ನು ಅದರ ಕೆಳಗೆ ಎಣ್ಣೆಯ ತೊಟ್ಟಿಯಲ್ಲಿಯೇ ಅಡಗಿಸಿದನು. ೧೯೫೯ರಲ್ಲಿ ಹೊರಬಂದ ಈ ಮಿನಿ ಕಾರಿನ ಉದ್ದ ಸುಮಾರು ೧೦ ಅಡಿ. ಅದರಲ್ಲಿ ನೂರಕ್ಕೆ ೮೦ ಪಾಲು ಜನರಿಗೂ ಸಾಮಾನಿಗೂ ಮೀಸಲಾಯಿತು. ೧೯೬೪ರಲ್ಲಿ ಇಟಲಿಯ ದಾಂತೆ ಜಕೋಸನು ಗೇರುಪೆಟ್ಟಿಗೆಯನ್ನು ಅಡ್ಡಲಾದ ಎಂಜಿನಿನ ಕೆಳಗಿಡದೆ ಪಕ್ಕಕ್ಕೆ ಸೇರಿಸಿದನು. ಈಗಿನ ಸಣ್ಣ ಕಾರುಗಳಲ್ಲಿ ಹೆಚ್ಚಿನವು ಈ ಏರ್ಪಾಡನ್ನೇ ಅನುಸರಿಸುತ್ತವೆ.

ನಮ್ಮ ದೇಶದಲ್ಲಿ ಅಂಬಾಸಡರ್, ಪದ್ಮಿನಿ, ಹೆರಾಲ್ಡ್ ಈ ಮೂರೂ ಹಿಂಚಾಲನೆಯವು. ಅಂಬಾಸಡರಿನ ಹಿಂದಿನ ಆಸನದಲ್ಲಿ ನಡುವೆ ಕೂತವರಿಗೆ ಕಾಲಿಡಲು ಅಡ್ಡಿಯಾಗುತ್ತಿದ್ದ ದಿಬ್ಬ ನೆನಪಿರಬಹುದು. ಎಂಜಿನಿನ ಬಲವನ್ನು ಹಿಂದಕ್ಕೆ ಒಯ್ಯುವ ದಂಡ ಅದರ ಕೆಳಗೇ ಹಾದುಹೋಗುತ್ತಿತ್ತು. ೧೯೮೩ರ ಡಿಸೆಂಬರಿನಲ್ಲಿ ಬಂದ ಮಾರುತಿ ೮೦೦ ಮುಂಚಾಲನೆಯನ್ನು ನಮ್ಮ ಮಧ್ಯಮವರ್ಗದ ಮನೆಗಳ ಮುಂದೆ ತಂದು ನಿಲ್ಲಿಸಿತು.

ಇನ್ನು ಗುಣದೋಷಗಳ ವಿಚಾರ. ಜನರು ಸಾಮಾನ್ಯವಾಗಿ ಹೇಳುವುದು, ‘ತಳ್ಳುವುದಕ್ಕಿಂತ ಎಳೆಯುವುದು ಮೇಲು, ಆದ್ದರಿಂದ ಮುಂಚಾಲನೆ ಮೇಲು’ ಎಂದು. ಈ ಮಾತು ಪೂರ್ತಿ ಸರಿಯಲ್ಲ. ಕಾರಿನ ಒಡಲು ಗಡುಸಾದ ಒಂದೇ ವಸ್ತು. ನೇರವಾದ ರಸ್ತೆಯಲ್ಲಿ ಅದನ್ನು ಮುಂದಿನಿಂದ ಎಳೆದರೂ ಹಿಂದಿನಿಂದ ತಳ್ಳಿದರೂ ವ್ಯತ್ಯಾಸವಾಗುವುದು ಸ್ವಲ್ಪವೇ. ಮುಂಚಾಲನೆಯ ಕಾರು ನೇರವಾಗಿ ಓಡುವುದಕ್ಕೆ ಮುಖ್ಯ ಕಾರಣ ಅದರ ಭಾರ ಮುಂದೆ ಇರುವುದು. ಬಾಣಕ್ಕೆ ಮುಂದೆ ಭಾರವಾದ ಅಲಗು, ಹಿಂದೆ ಹಗುರವಾದ ಗರಿ ಇರುವುದನ್ನು ನೆನೆದರೆ ಇದು ತಿಳಿಯುತ್ತದೆ.

ನಿಜವಾದ ಲೆಕ್ಕ ಹಿಡಿತದ್ದು. ಗಾಲಿಯೊಂದು ನೆಲವನ್ನು ಎಷ್ಟು ಬಲವಾಗಿ ಹಿಡಿಯಬಲ್ಲದೆಂಬುದು ಎರಡು ಸಂಗತಿಗಳಿಂದ ನಿರ್ಣಯವಾಗುತ್ತದೆ: ಅದರ ಮೇಲೆ ಬಿದ್ದಿರುವ ಭಾರ, ಟೈರಿಗೂ ನೆಲಕ್ಕೂ ನಡುವಣ ಘರ್ಷಣೆ. ಇದರೊಂದಿಗೆ ಮತ್ತೊಂದನ್ನು ಸೇರಿಸಿಕೊಳ್ಳಬೇಕು. ಕಾರು ವೇಗವನ್ನು ಹೆಚ್ಚಿಸುವಾಗಲೂ, ಏರನ್ನು ಹತ್ತುವಾಗಲೂ, ಭಾರದ ಒಂದು ಪಾಲು ಮುಂದಿನ ಗಾಲಿಗಳಿಂದ ಹಿಂದಿನ ಗಾಲಿಗಳಿಗೆ ಸರಿಯುತ್ತದೆ. ಬಸ್ಸು ಹೊರಟಾಗ ನಿಂತವರು ಹಿಂದಕ್ಕೆ ವಾಲುವುದಿಲ್ಲವೆ, ಹಾಗೆ. ಇದು ಹಿಂಚಾಲನೆಗೆ ಲಾಭ, ಮುಂಚಾಲನೆಗೆ ನಷ್ಟ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ತಲಾ ೧೦೦೦ ಕಿಲೋಗ್ರಾಂ ತೂಕದ ಎರಡು ಕಾರುಗಳಿವೆ. ಮುಂಚಾಲನೆಯದರಲ್ಲಿ ಮುಂದಿನ ಗಾಲಿಗಳ ಮೇಲೆ ೬೦೦, ಹಿಂದಿನವುಗಳ ಮೇಲೆ ೪೦೦. ಹಿಂಚಾಲನೆಯದರಲ್ಲಿ ಮುಂದೆ ೫೨೦, ಹಿಂದೆ ೪೮೦. ಎರಡರಲ್ಲೂ ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ಎರಡೂವರೆ ಮೀಟರು ಅಂತರ. ಗುರುತ್ವಕೇಂದ್ರ ನೆಲದಿಂದ ಅರ್ಧ ಮೀಟರು ಎತ್ತರ. ಒಣಗಿದ ಒಳ್ಳೆಯ ರಸ್ತೆಯಲ್ಲಿ, ಎಂದರೆ ಘರ್ಷಣೆಯ ಪ್ರಮಾಣ ಹತ್ತಕ್ಕೆ ಎಂಟರಷ್ಟಿರುವಲ್ಲಿ, ಗಾಲಿ ಜಾರದೆ ಮುಂಚಾಲನೆಯ ಕಾರು ನೂರು ಮೀಟರಿಗೆ ೪೧ ಮೀಟರು ಏರುವ ಇಳಿಜಾರನ್ನು ಹತ್ತಬಲ್ಲದು. ಹಿಂಚಾಲನೆಯದು ೪೬ ಮೀಟರು. ಎಂಜಿನಿಗೆ ಬಲವಿದ್ದರೆ ಎಂಬ ಮಾತು ಬೇರೆ. ಅದೇ ಕಾರುಗಳನ್ನು ಕೆಸರು ತುಂಬಿದ ದಾರಿಗೆ ತನ್ನಿ. ಅಲ್ಲಿ ಘರ್ಷಣೆ ಹತ್ತಕ್ಕೆ ಎರಡರಷ್ಟು ಮಾತ್ರವಿದ್ದರೆ, ಭಾರ ಸರಿಯುವುದು ಅಲ್ಪವಾದ್ದರಿಂದ, ಮೊದಲೇ ಇದ್ದ ತೂಕವೇ ಮುಖ್ಯವಾಗುತ್ತದೆ. ಮುಂಚಾಲನೆ ನೂರಕ್ಕೆ ಹನ್ನೊಂದೂವರೆ ಏರಿದರೆ, ಹಿಂಚಾಲನೆ ಹತ್ತಕ್ಕೆ ನಿಂತುಬಿಡುತ್ತದೆ. ಒಣ ನೆಲದಲ್ಲಿ ಗೆದ್ದದ್ದು ಕೆಸರಿನಲ್ಲಿ ಸೋತಿತು.

ವಿಚಾರ ಇಷ್ಟಕ್ಕೇ ಮುಗಿಯುವುದಿಲ್ಲ. ಮೇಲೆ ಹೇಳಿದ್ದು ಖಾಲಿ ಕಾರಿನ ಲೆಕ್ಕ. ಈಗ ಐದು ಮಂದಿಯನ್ನು ಕೂರಿಸಿ, ಹಿಂದೆ ಸಾಮಾನನ್ನು ತುಂಬಿ, ೪೦೦ ಕಿಲೋಗ್ರಾಂ ಭಾರವನ್ನು ಸೇರಿಸಿರಿ. ಈ ಭಾರದ ಮುಕ್ಕಾಲು ಪಾಲು ಹಿಂದಿನ ಗಾಲಿಗಳ ಮೇಲೆಯೇ ಬೀಳುತ್ತದೆ. ಮುಂಚಾಲನೆಯ ಕಾರಿನ ಚಾಲಕ ಗಾಲಿಗಳಿಗೆ ಒಟ್ಟು ಭಾರದಲ್ಲಿ ಅರ್ಧ ಉಳಿಯುತ್ತದೆ. ಹಿಂಚಾಲನೆಯದಕ್ಕೆ ನೂರಕ್ಕೆ ಸುಮಾರು ೫೬ ದೊರೆಯುತ್ತದೆ. ಅದೇ ಕೆಸರಿನ ಏರಿನಲ್ಲಿ ಈಗ ಮುಂಚಾಲನೆ ನೂರಕ್ಕೆ ಹತ್ತನ್ನೂ ಮುಟ್ಟಲಾರದು. ಹಿಂಚಾಲನೆ ಹನ್ನೊಂದೂವರೆಯನ್ನು ಹತ್ತುತ್ತದೆ. ಲಾರಿ, ಬಸ್ಸು, ಮಲೆನಾಡಿನ ಹಳ್ಳಿಗಳಿಗೆ ಹತ್ತಾರು ಮಂದಿಯನ್ನು ತುಂಬಿಕೊಂಡು ಹೋಗುವ ಜೀಪು ಇವೆಲ್ಲವುಗಳಲ್ಲಿ ಹಿಂದಿನ ಗಾಲಿಗಳಿಗೆ ಚಾಲನೆಯನ್ನು ಕೊಟ್ಟಿರುವುದರ ರಹಸ್ಯ ಇದೇ. ತುಂಬಿದ ಮುಂಚಾಲನೆಯ ಕಾರು ಜಾರುವ ಏರನ್ನು ಹತ್ತಲಾರದೆ ನಿಂತರೆ, ಅದನ್ನು ತಿರುಗಿಸಿ ಹಿಮ್ಮುಖವಾಗಿ ಹತ್ತಿಸುವ ಹಳೆಯ ಉಪಾಯವೊಂದುಂಟು. ಆಗ ಚಾಲಕ ಗಾಲಿಗಳು ಇಳಿಜಾರಿನ ಕೆಳಗಡೆಗೆ ಬರುವುದರಿಂದ ಭಾರ ಅವುಗಳ ಕಡೆಗೇ ಸರಿಯುತ್ತದೆ. ದಾರಿ ಅಗಲವಾಗಿದ್ದು, ಹಿಂದೆ ಯಾವ ವಾಹನವೂ ಇಲ್ಲದ ಕಡೆ ಮಾತ್ರ ಇದನ್ನು ಮಾಡತಕ್ಕದ್ದು.

ತಿರುವುಗಳ ವಿಚಾರ ಇದಕ್ಕಿಂತಲೂ ಮುಖ್ಯ. ಟೈರಿನ ಹಿಡಿತವನ್ನು ಮಿತವಾದ ತಿಂಗಳ ಸಂಬಳಕ್ಕೆ ಹೋಲಿಸಬಹುದು. ಕಾರನ್ನು ಮುಂದಕ್ಕೆ ನಡೆಸುವುದಕ್ಕೂ, ನಿಲ್ಲಿಸುವುದಕ್ಕೂ, ತಿರುವಿನಲ್ಲಿ ಪಕ್ಕಕ್ಕೆ ಜಾರದಂತೆ ತಡೆಯುವುದಕ್ಕೂ ಅದರಲ್ಲಿಯೇ ವೆಚ್ಚಮಾಡಬೇಕು. ಒಂದು ಬಾಬ್ತಿಗೆ ಹೆಚ್ಚು ಸುರಿದರೆ ಮತ್ತೊಂದಕ್ಕೆ ಕೊರತೆ. ಮುಂಚಾಲನೆಯಲ್ಲಿ ಮುಂದಿನ ಗಾಲಿಗಳಿಗೆ ಎರಡು ಸಂಸಾರಗಳ ಹೊರೆ: ಎಳೆಯಲೂ ಬೇಕು, ಹೊರಳಲೂ ಬೇಕು. ತಿರುವಿನಲ್ಲಿ ವೇಗವನ್ನು ಅತಿಯಾಗಿ ಹೆಚ್ಚಿಸಿದರೆ ಮೊದಲು ಸೋಲುವುವು ಅವೇ. ಆಗ ಸ್ಟೀರಿಂಗನ್ನು ತಿರುಗಿಸಿದ್ದರೂ ಕಾರು ಅಷ್ಟು ತಿರುಗದೆ ರಸ್ತೆಯ ಹೊರ ಅಂಚಿನ ಕಡೆಗೆ ನೇರವಾಗಿ ಸಾಗುತ್ತದೆ. ಹಿಂಚಾಲನೆಯಲ್ಲಿ ಸೋಲುವುವು ಹಿಂದಿನ ಗಾಲಿಗಳು. ಬಾಲ ಹೊರಕ್ಕೆ ಬೀಸಿ, ಕಾರು ಬೇಕಾದುದಕ್ಕಿಂತ ಹೆಚ್ಚಾಗಿ ತಿರುಗಿ, ಕೊನೆಗೆ ಬುಗುರಿಯಂತೆ ಸುತ್ತಿಬಿಡಬಹುದು.

ಪರಿಹಾರಗಳೂ ಬೇರೆಬೇರೆ. ಮೂತಿ ಹೊರಕ್ಕೆ ಹೋಗುತ್ತಿರುವಾಗ ಗಾಬರಿಯಿಂದ ಸ್ಟೀರಿಂಗನ್ನು ಇನ್ನೂ ತಿರುಗಿಸುವುದು ವ್ಯರ್ಥ. ಮುಗಿದುಹೋದ ಸಂಬಳದಿಂದ ಮತ್ತಷ್ಟು ಕೇಳಿದಂತೆ. ಆಕ್ಸಿಲರೇಟರನ್ನು ಮೆಲ್ಲನೆ ಸಡಿಲಿಸಬೇಕು. ಭಾರ ಮುಂದಕ್ಕೆ ಬಂದು ಗಾಲಿಗಳಿಗೆ ಹಿಡಿತ ಮರಳುತ್ತದೆ. ಮೆಲ್ಲನೆ ಎಂಬ ಮಾತನ್ನು ಮರೆಯಬಾರದು. ಥಟ್ಟನೆ ಬಿಟ್ಟರೆ ಹಿಂದಿನ ಗಾಲಿಗಳು ಹಗುರವಾಗಿ, ಮುಂಚಾಲನೆಯ ಕಾರಿನಲ್ಲಿಯೂ ಬಾಲ ಜಾರಬಹುದು. ಹಿಂಚಾಲನೆಯ ಕಾರಿನ ಬಾಲ ಜಾರಿದರೆ ಆಗಲೂ ಆಕ್ಸಿಲರೇಟರನ್ನು ಸಡಿಲಿಸಿ, ಬಾಲ ಯಾವ ಕಡೆಗೆ ಜಾರುತ್ತಿದೆಯೋ ಆ ಕಡೆಗೇ ಸ್ಟೀರಿಂಗನ್ನು ತಿರುಗಿಸಿ, ಕಾರು ನೆಟ್ಟಗಾದೊಡನೆ ಹಿಂದಕ್ಕೆ ತರಬೇಕು. ಇದಕ್ಕೆ ಅಭ್ಯಾಸ ಬೇಕು. ಮನುಷ್ಯನ ಸಹಜವಾದ ಗಾಬರಿ ಆಕ್ಸಿಲರೇಟರಿನಿಂದ ಕಾಲನ್ನು ತೆಗೆಯುವ ಕಡೆಗೇ ಇರುವುದರಿಂದ, ಪಳಗದ ಕೈಗಳಿಗೆ ಮುಂಚಾಲನೆ ಹೆಚ್ಚು ಕ್ಷಮಾಶೀಲವೆನ್ನಬಹುದು. ಬಾಷ್ ಮತ್ತು ಮರ್ಸಿಡೀಸ್-ಬೆಂಜ್ ಸಂಸ್ಥೆಗಳು ೧೯೯೫ರಲ್ಲಿ ಬಳಕೆಗೆ ತಂದ, ಜಾರುವಿಕೆಯನ್ನು ತಾನೇ ಗುರುತಿಸಿ ಬೇಕಾದ ಒಂದೇ ಗಾಲಿಗೆ ಬ್ರೇಕು ಹಾಕುವ ವಿದ್ಯುತ್ ಸಾಧನ ಈ ವ್ಯತ್ಯಾಸವನ್ನು ಬಹಳ ಮಟ್ಟಿಗೆ ಕಡಮೆಮಾಡಿದೆ. ಆದರೆ ಅದು ಇರುವ ಹಿಡಿತವನ್ನು ಹಂಚಬಲ್ಲುದೇ ಹೊರತು, ಇಲ್ಲದ ಹಿಡಿತವನ್ನು ಸೃಷ್ಟಿಸಲಾರದು.

ಎರಡು ತಪ್ಪು ತಿಳಿವಳಿಕೆಗಳನ್ನು ಇಲ್ಲಿಯೇ ನಿವಾರಿಸಬೇಕು. ಮುಂಚಾಲನೆಯ ಕಾರು ಮಳೆಯಲ್ಲಿ ಬೇಗ ನಿಲ್ಲುತ್ತದೆಂದು ನಂಬುವವರಿದ್ದಾರೆ. ಬ್ರೇಕು ಹಿಡಿಯುವುದು ನಾಲ್ಕು ಗಾಲಿಗಳನ್ನೂ. ಚಾಲನೆ ಯಾವ ಗಾಲಿಗೆ ಎಂಬುದು ನಿಲ್ಲುವ ದೂರವನ್ನು ನಿರ್ಣಯಿಸುವುದಿಲ್ಲ. ಒದ್ದೆಯ ರಸ್ತೆಯಲ್ಲಿ ಸುಲಭವಾಗಿ ಹೊರಟಿತೆಂಬ ಭರವಸೆಯಿಂದ ಸುಲಭವಾಗಿ ನಿಂತೀತೆಂದು ಭಾವಿಸುವುದು ಅಪಾಯ. ಎರಡನೆಯದು ಟೈರುಗಳ ವಿಚಾರ. ಎರಡೇ ಹೊಸ ಟೈರುಗಳನ್ನು ಕೊಂಡಾಗ ಮುಂಚಾಲನೆಯ ಕಾರಿನವರು ಅವುಗಳನ್ನು ಮುಂದೆ ಹಾಕಿಸುತ್ತಾರೆ. ಟೈರು ತಯಾರಕರ ಸಲಹೆ ಇದಕ್ಕೆ ವಿರುದ್ಧ: ಚಾಲನೆ ಎಲ್ಲೇ ಇರಲಿ, ಒಳ್ಳೆಯ ಟೈರುಗಳು ಹಿಂದಿರಬೇಕು. ಮೂತಿ ಜಾರಿದರೆ ಚಾಲಕನಿಗೆ ಕೈಯಲ್ಲಿ ತಿಳಿಯುತ್ತದೆ, ವೇಗವನ್ನು ತಗ್ಗಿಸಿ ತಿದ್ದಬಹುದು. ನೀರು ನಿಂತ ರಸ್ತೆಯಲ್ಲಿ ಬಾಲ ಜಾರಿದರೆ ತಿದ್ದಲು ಸಮಯ ಸಿಕ್ಕುವುದು ಕಷ್ಟ.

ಉಳಿದ ಸಾಧಕಬಾಧಕಗಳನ್ನು ಬೇಗನೆ ಹೇಳಿಬಿಡಬಹುದು. ಮುಂಚಾಲನೆಯಲ್ಲಿ ಎಂಜಿನು, ಗೇರು, ಚಾಲನೆ ಎಲ್ಲವೂ ಒಂದೇ ಗಂಟು. ತೂಕ ಕಡಮೆ, ವೆಚ್ಚ ಕಡಮೆ, ಒಳಗೆ ಸ್ಥಳ ಹೆಚ್ಚು. ಎಂಜಿನು ಅಡ್ಡಲಾಗಿರುವಲ್ಲಿ ಬಲವನ್ನು ಲಂಬಕೋನದಲ್ಲಿ ತಿರುಗಿಸುವ ಅಗತ್ಯವಿಲ್ಲದ್ದರಿಂದ ವ್ಯರ್ಥವಾಗುವ ಶಕ್ತಿಯೂ ಕಡಮೆ. ಆದರೆ ಮುಂದಿನ ಟೈರುಗಳು ಬೇಗ ಸವೆಯುತ್ತವೆ. ಎಂಜಿನು ಬಲು ಬಲಶಾಲಿಯಾದರೆ ಸ್ಟೀರಿಂಗು ಪಕ್ಕಕ್ಕೆ ಸೆಳೆಯುತ್ತದೆ. ಗಾಲಿಯ ಕೀಲಿಗೆ ಹೊದಿಸಿದ ರಬ್ಬರು ಚೀಲ ಹರಿದರೆ ದೂಳು ಹೊಕ್ಕು ಕೀಲು ಕೆಡುತ್ತದೆ. ಪೂರ್ತಿ ತಿರುಗಿಸಿದಾಗ ಟಕಟಕ ಶಬ್ದ ಬಂದರೆ ತಡಮಾಡದೆ ಪರೀಕ್ಷೆ ಮಾಡಿಸಬೇಕು. ಹಿಂಚಾಲನೆಯಲ್ಲಿ ಮುಂದಿನ ಗಾಲಿಗಳು ಹೆಚ್ಚು ಹೊರಳಬಲ್ಲವಾದ್ದರಿಂದ ಇಕ್ಕಟ್ಟಾದ ಬೀದಿಯಲ್ಲಿ ತಿರುಗಿಸುವುದು ಸುಲಭ; ಭಾರವನ್ನೂ ಹೆಚ್ಚಿನ ಬಲವನ್ನೂ ಅದು ಚೆನ್ನಾಗಿ ತಾಳುತ್ತದೆ.

ಈ ವಾದ ಹಳೆಯದಾದರೂ ಇನ್ನೂ ತೀರ್ಮಾನವಾಗಿಲ್ಲ. ನಮ್ಮ ಬಿಡದಿಯ ಕಾರ್ಖಾನೆಯಲ್ಲಿ ಟೊಯೋಟಾ ಕಿರ್ಲೋಸ್ಕರ್ ಸಂಸ್ಥೆಯವರು ೨೦೦೫ರಲ್ಲಿ ಹೊರತಂದ ಇನೋವಾ ಹಿಂಚಾಲನೆಯದು. ೨೦೨೨ರಲ್ಲಿ ಪ್ರಕಟವಾದ ಇನೋವಾ ಹೈಕ್ರಾಸ್ ಮುಂಚಾಲನೆಯದು. ಒಂದೇ ಹೆಸರಿನ ಕಾರು ಹದಿನೇಳು ವರ್ಷಗಳಲ್ಲಿ ಪಕ್ಷವನ್ನು ಬದಲಾಯಿಸಿತು. ವಿದ್ಯುತ್ ಕಾರುಗಳಲ್ಲಿ ಗಾಳಿ ಎದುರು ದಿಕ್ಕಿಗೆ ಬೀಸುತ್ತಿದೆ. ವಿದ್ಯುತ್ ಮೋಟಾರು ಚಿಕ್ಕದು, ಅದನ್ನು ಯಾವ ಇರಚಿಯ ಬಳಿಯಲ್ಲಾದರೂ ಕೂರಿಸಬಹುದು. ಭಾರವಾದ ಬ್ಯಾಟರಿ ನಡುವೆ ನೆಲಗಟ್ಟಿನಲ್ಲಿ ಅಡಗುತ್ತದೆ. ೨೦೦೧ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಪುಟ್ಟ ರೇವಾ ಕಾರು ಹಿಂಚಾಲನೆಯದೇ. ಮುಂಚಾಲನೆಯ ಗಾಲ್ಫ್ ಕಾರಿನಿಂದ ಪ್ರಸಿದ್ಧರಾದ ಫೋಕ್ಸ್‌ವ್ಯಾಗನ್ ಸಂಸ್ಥೆಯವರೂ ೨೦೨೦ರಲ್ಲಿ ಮಾರಾಟಕ್ಕೆ ತಂದ ಐ.ಡಿ.೩ ವಿದ್ಯುತ್ ಕಾರಿನಲ್ಲಿ ಮೋಟಾರನ್ನು ಹಿಂದಕ್ಕೆ ಒಯ್ದರು.

ಆದ್ದರಿಂದ ಯಾವುದು ಮೇಲು ಎಂದು ಕೇಳುವುದಕ್ಕಿಂತ ಯಾವ ಕೆಲಸಕ್ಕೆ ಯಾವುದು ಎಂದು ಕೇಳುವುದು ಸರಿ. ಊರೊಳಗೆ ಒಬ್ಬಿಬ್ಬರು ಓಡಾಡುವ ಸಣ್ಣ ಸಂಸಾರಕ್ಕೆ ಮುಂಚಾಲನೆ ಮಿತವ್ಯಯದ್ದು, ನಿರಪಾಯವಾದದ್ದು. ತುಂಬು ಭಾರವನ್ನು ಹೇರಿಕೊಂಡು ಘಾಟಿಗಳನ್ನು ಮೇಲಿಂದ ಮೇಲೆ ಹತ್ತತಕ್ಕವರಿಗೆ ಹಿಂಚಾಲನೆ ಅನುಕೂಲ. ಯಾವುದನ್ನು ಕೊಂಡರೂ, ತಮ್ಮ ಕಾರಿನ ಯಾವ ತುದಿ ಮೊದಲು ಜಾರುತ್ತದೆಂಬುದನ್ನು ಮನೆಯಲ್ಲಿ ಅದನ್ನು ನಡೆಸುವವರೆಲ್ಲರೂ ತಿಳಿದಿರಬೇಕು. ಮಳೆ ಬಿದ್ದ ರಸ್ತೆಯ ತಿರುವಿಗೆ ಮುಂಚೆಯೇ ವೇಗವನ್ನು ತಗ್ಗಿಸಿಕೊಂಡವರಿಗೆ ಎರಡೂ ಬಗೆಯ ಕಾರುಗಳು ಒಂದೇ ರೀತಿ ವಿಧೇಯವಾಗಿರುತ್ತವೆ.